ಮೊಟ್ಟೆಯಕ್ಕನ ಮಗಳ ಕಿರೀಟ

ನಿಮ್ಮ ಎರಡೂ ಕೈಗೆ ಒಂದೊಂದು ಮೊಟ್ಟೆ ಕೊಟ್ಟರೆ ನೀವು ಏನೇನು ಮಾಡಬಲ್ಲಿರಿ? ಸ್ವಲ್ಪ ಯೋಚಿಸಿ. ಮೇಜು ಗುದ್ದುವಂತಿಲ್ಲ. ಬೆರಳು ತೋರಿಸಿ ಬೈಯುವಂತಿಲ್ಲ. ಕೈಮುಗಿದು ‘ನನ್ನನ್ನು ಬಿಟ್ಟುಬಿಡು ತಾಯೀ’ ಎನ್ನುವಂತಿಲ್ಲ. ಫೋನು ಎತ್ತುವಂತಿಲ್ಲ, ಬಾಗಿಲ ಹಿಡಿ ತಿರುಗಿಸಿ ಕಾಲಿಗೆ ಬುದ್ಧಿ ಹೇಳುವಂತೆಯೂ ಇಲ್ಲ. ಮೊಟ್ಟೆ ಹಿಡಿದ ಮನುಷ್ಯನಿಗೆ ಉಳಿಯುವ ದಾರಿ ಒಂದೇ: ಎದುರಿಗಿರುವವರು ಹೇಳುವುದನ್ನು ತೆಪ್ಪಗೆ ಕೇಳಿಸಿಕೊಳ್ಳುವುದು.

ಈ ಮಹಾಸತ್ಯವನ್ನು ಕಂಡುಹಿಡಿದವರು ನಮ್ಮ ಮಾರುಕಟ್ಟೆಯ ಮೊಟ್ಟೆಯಕ್ಕ. ಹಳೆಯ ಕಾಲದ ಚಕ್ರವರ್ತಿಗಳಿಗೆ ಇದು ಗೊತ್ತಿದ್ದಿದ್ದರೆ ಅರ್ಧಕ್ಕರ್ಧ ಯುದ್ಧಗಳು ನಡೆಯುತ್ತಲೇ ಇರಲಿಲ್ಲ.

ಅವರ ಅಂಗಡಿ ನನ್ನ ಗಡಿಯಾರ ರಿಪೇರಿಯ ಗೂಡಿಗೆ ಸರಿಯಾಗಿ ಎದುರು. ಆದ್ದರಿಂದ ಈ ಸಾಮ್ರಾಜ್ಯದ ಏಳುಬೀಳುಗಳನ್ನೆಲ್ಲ ನಾನು ಪುಕ್ಕಟೆಯಾಗಿ ನೋಡಿದ್ದೇನೆ. ಒಂದರ ಮೇಲೊಂದು ಪೇರಿಸಿದ ಮೊಟ್ಟೆಯ ತಟ್ಟೆಗಳ ಗೋಡೆ, ಗೋಡೆಯ ಹಿಂದೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಉರಿಯುವ ಬಲ್ಬು, ಮುಚ್ಚಳದಲ್ಲಿ ಒಂದು ತೂತು. ಪ್ರತಿ ಮೊಟ್ಟೆಯನ್ನೂ ಆ ತೂತಿನ ಮೇಲೆ ಹಿಡಿದು ನೋಡಿಯೇ ಮಾರುವುದು ಅಕ್ಕನ ಕ್ರಮ. ಒಳಗೆಲ್ಲ ಬೆಳಕು ಹರಿದರೆ ಒಳ್ಳೆಯದು, ಕಪ್ಪು ಕಂಡರೆ ಪಕ್ಕಕ್ಕೆ. ಮೊಟ್ಟೆಯ ಹೊಟ್ಟೆಯೊಳಗಿನದು ಇಷ್ಟು ಚೆನ್ನಾಗಿ ಕಾಣುತ್ತಿದ್ದ ಹೆಂಗಸಿಗೆ ಹೆತ್ತ ಮಗಳ ಹೊಟ್ಟೆಯೊಳಗಿನದು ಬಹಳ ಕಾಲ ಕಾಣಲಿಲ್ಲ ಎಂಬುದೇ ಈ ಕತೆ.

ಅಕ್ಕನಿಗೆ ಇದ್ದ ಕಾಯಿಲೆಯ ಹೆಸರು ಪರೋಪಕಾರ. ಬಸ್ಸು ನಿಲ್ಲುವಲ್ಲಿ ಮುದುಕರು ನಿಂತೇ ಇದ್ದಾರೆಂದರೆ ಅಕ್ಕನಿಗೆ ಮಂಡಿ ನೋವು. ಶಾಲೆಯ ಮೆಟ್ಟಿಲಲ್ಲಿ ದೀಪವಿಲ್ಲ ಎಂದರೆ ಅಕ್ಕನ ಕಣ್ಣಿಗೆ ಕತ್ತಲೆ. ಆದರೆ ಯಾರ ಹತ್ತಿರವೂ ಹಣ ಕೇಳಿದವರಲ್ಲ. “ದುಡ್ಡು ಕೇಳಿದ್ರೆ ಜನ ಮುಷ್ಟಿ ಬಿಗೀತಾರೆ, ಸಾಮಾನು ಕೇಳಿದ್ರೆ ಮನೆ ಖಾಲಿಯಾಗುತ್ತೆ ಅಂತ ಖುಷಿ ಪಡ್ತಾರೆ,” ಎಂಬುದು ಅವರ ಅರ್ಥಶಾಸ್ತ್ರ. ಮರದ ಡಿಪೋದವನ ಎರಡೂ ಕೈಗೆ ಮೊಟ್ಟೆ ಕೊಟ್ಟು, “ಇದನ್ನ ಒಂಚೂರು ಹಿಡ್ಕೊಳ್ಳಣ್ಣ, ಸೆರಗು ಸರಿ ಮಾಡ್ಕೊಳ್ತೀನಿ,” ಎಂದು ಶುರು ಮಾಡಿದರೆ, ಸೆರಗು ಸರಿಯಾಗುವಷ್ಟರಲ್ಲಿ ಬಸ್ ನಿಲ್ದಾಣಕ್ಕೆ ಬೆಂಚು ಬಂದಿರುತ್ತಿತ್ತು.

ಹೀಗೆ ಊರಿನ ಸಾಮಾನೆಲ್ಲ ಊರಿಗೇ ಹಂಚುವ ಈ ಇಲಾಖೆಗೆ ಮೊದಲ ಉಗ್ರಾಣ ಅವರ ಸ್ವಂತ ಮನೆ. ಮುಂಬಾಗಿಲು ಹಾಕಿದ್ದನ್ನು ಕಂಡವರಿಲ್ಲ. ಗಂಡ ಲಾರಿ ಚಾಲಕ, ವರ್ಷದ ಬಹುಪಾಲು ರಸ್ತೆಯ ಮೇಲೆ. ಒಮ್ಮೆ ಮನೆಗೆ ಬಂದು ನೋಡಿದರೆ ಅವರ ಮಂಚದ ಮೇಲೆ ಯಾರೋ ಜ್ವರದವನು ಮಲಗಿದ್ದನಂತೆ. “ತಪ್ಪಾಯ್ತು, ಮಲ್ಕೊಳ್ಳಿ,” ಎಂದು ಅವನ ಕ್ಷಮೆ ಕೇಳಿ ಹೋಗಿ ಲಾರಿಯಲ್ಲೇ ಮಲಗಿದ ಸಾಧು ಮನುಷ್ಯ.

ಆ ಮನೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ನಮ್ಮ ಕಥಾನಾಯಕಿ. ಮೊಟ್ಟೆಯಕ್ಕನ ಮಗಳಾದ್ದರಿಂದ ಮಾರುಕಟ್ಟೆಯವರು ಇಟ್ಟ ಹೆಸರು ಮರಿ. ಅವಳಿಗೆ ಛತ್ರಿ ಬಂದರೆ ತಿಂಗಳೊಪ್ಪತ್ತಿನಲ್ಲಿ ಅದು ಸಾರ್ವಜನಿಕ ಛತ್ರಿ. ಸೈಕಲ್ ಬಂದರೆ ಅದು ಮನೆಮನೆಗೆ ಹೋಗುವ ನರ್ಸಮ್ಮನ ಸೈಕಲ್.

“ಅಮ್ಮಾ, ನನ್ನ ಛತ್ರಿ ಎಲ್ಲಿ?”

“ಅಂಚೆಯವನಿಗೆ ಕೊಟ್ಟೆ ಕಣೇ. ನೀನು ನೆನೆದ್ರೆ ನೀನೊಬ್ಬಳೇ ನೆನೀತೀಯ. ಅವನು ನೆನೆದ್ರೆ ಊರಿನ ಕಾಗದ ಎಲ್ಲಾ ನೆನೆಯುತ್ತೆ.”

ಈ ವಾದಕ್ಕೆ ಉತ್ತರ ಹೇಳುವ ವಕೀಲ ಇನ್ನೂ ಹುಟ್ಟಿಲ್ಲ. ಮರಿ ನೆನೆದುಕೊಂಡು ಶಾಲೆಗೆ ಹೋದಳು.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಅಕ್ಕನಿಗೆ ಮಗಳೆಂದರೆ ಪ್ರಾಣ. ತೊಂದರೆ ಏನೆಂದರೆ ಅವರು ತಮ್ಮ ಪ್ರಾಣವನ್ನೂ ಯಾರಾದರೂ ಕೇಳಿದರೆ ಕೊಡುವವರು.

ಆ ಮನೆಯಲ್ಲಿ ತನ್ನದು ಎಂದು ಮರಿಗೆ ಉಳಿದಿದ್ದದ್ದು ಮೆಟ್ಟಿಲ ಕೆಳಗಿನ ಒಂದು ಗುಬ್ಬಿಗೂಡಿನಂಥ ಕೋಣೆ. ಅದರ ಬಾಗಿಲಿಗೆ ಒಳಗಿನಿಂದ ಒಂದು ಹಿತ್ತಾಳೆ ಚಿಲಕ. ಹದಿಹರೆಯದಲ್ಲಿ ಅವಳೇ ಬೀಗದ ಅಂಗಡಿಯ ಮಾವನನ್ನು ಕಾಡಿ ಬೇಡಿ ಹಾಕಿಸಿಕೊಂಡದ್ದು. ತನ್ನದೆಂಬ ಗುರುತಿಗೆ ಚಿಲಕದ ಗುಬುಟಿಗೆ ಕೆಂಪು ಉಗುರುಬಣ್ಣ ಬಳಿದಿದ್ದಳು. ಜಗತ್ತಿನ ಯಾವ ಕೋಟೆಯ ಹೆಬ್ಬಾಗಿಲಿಗೂ ಅಷ್ಟು ಶ್ರದ್ಧೆಯಿಂದ ಯಾರೂ ಬಣ್ಣ ಬಳಿದಿರಲಾರರು.

ಮರಿ ಕಾಲೇಜು ಮುಗಿಸಿ ಅಮ್ಮನ ಜೊತೆ ಅಂಗಡಿಯಲ್ಲಿ ಕೂರಲು ಶುರು ಮಾಡಿದ ವರ್ಷ ವರ್ತಕರ ಸಂಘಕ್ಕೆ ಬೆಳ್ಳಿಹಬ್ಬ ಬಂತು. ಭಾಷಣ ಇಟ್ಟರೆ ಜನ ಬರುವುದಿಲ್ಲ ಎಂಬ ಕಹಿಸತ್ಯವನ್ನು ಅರಿತ ಸಂಘದವರು ‘ಪೇಟೆ ಸುಂದರಿ’ ಸ್ಪರ್ಧೆ ಇಟ್ಟರು. ಗೆದ್ದವಳಿಗೆ ಕಿರೀಟ. ತಗಡಿನ ಮೇಲೆ ಚಿನ್ನದ ಬಣ್ಣ, ಅದರ ತುಂಬ ಗಾಜಿನ ಹರಳು, ನಾಟಕದ ಸಾಮಾನಿನ ಅಂಗಡಿಯಿಂದ ತರಿಸಿದ್ದು. ಸಂಘದ ಕಚೇರಿಯ ಕಿಟಕಿಯಲ್ಲಿ ಅದನ್ನು ಇಟ್ಟಿದ್ದಾಗ ಮರಿ ಅದರ ಮುಂದೆ ನಿಂತು ಯೋಚಿಸಿದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು: “ಛತ್ರಿ ಕೈಲಿರುತ್ತೆ, ಕಿತ್ಕೊಂಡು ಕೊಡಬಹುದು. ತಲೆ ಮೇಲೆ ಕೂತಿದ್ದನ್ನ ಅಮ್ಮ ಯಾರಿಗೆ ಕೊಡ್ತಾಳೆ?”

ಲೋಕದಲ್ಲಿ ಹುಡುಗಿಯರು ಕಿರೀಟಕ್ಕೆ ಆಸೆಪಡಲು ನೂರು ಕಾರಣ ಇದ್ದಾವು. ಅಮ್ಮನಿಂದ ಕಾಪಾಡಬಹುದಾದ ವಸ್ತು ಎಂದು ಆಸೆಪಟ್ಟವಳು ಇವಳೊಬ್ಬಳೇ.

ಗುಟ್ಟಾಗಿ ಹೆಸರು ಕೊಟ್ಟಳು. ತನ್ನ ಒಂದೇ ಒಂದು ಒಳ್ಳೆಯ ಉಡುಪನ್ನು, ಹಸಿರು ರೇಷ್ಮೆಯದು, ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿದಳು. ಸ್ಪರ್ಧೆಯ ಮಧ್ಯಾಹ್ನ ನೋಡಿದರೆ ಮೊಳೆ ಇದೆ, ಉಡುಪಿಲ್ಲ.

“ದರ್ಜಿ ಮಗಳು ಅಳ್ತಾ ಬಂದಿದ್ಲು ಕಣೇ,” ಎಂದರು ಅಕ್ಕ, ಸ್ಪರ್ಧೆಗೆ ಕುರ್ಚಿ ಜೋಡಿಸಲು ಹೊರಡುತ್ತಾ. “ಅದ್ಯಾವುದೋ ಸುಂದರಿ ಸ್ಪರ್ಧೆಗೆ ನಿಲ್ತಾಳಂತೆ. ಅಪ್ಪ ಊರಿಗೆಲ್ಲಾ ಹೊಲೀತಾನೆ, ಮಗಳಿಗೆ ಹೊಲಿಯೋಕೆ ಪುರುಸೊತ್ತಿಲ್ಲ ಅವನಿಗೆ. ಕೆಲವರು ಹಾಗೇ, ಏನ್ಮಾಡೋದು!”

ಮರಿ ಆ ಕ್ಷಣದಲ್ಲಿ ಕಿರುಚದೆ ಇದ್ದದ್ದಕ್ಕೇ ಅವಳಿಗೆ ಒಂದು ಕಿರೀಟ ಕೊಡಬಹುದಿತ್ತು.

ಹೀಗೆ ಅಂದು ಸಂಜೆ ಸಂಘದ ಸಭಾಂಗಣದಲ್ಲಿ ಮರಿಯ ಹಸಿರು ಉಡುಪು ದರ್ಜಿಯ ಮಗಳ ಮೈಮೇಲೆ ಸ್ಪರ್ಧಿಸಿತು, ಮರಿ ಅಂಗಡಿಯ ಬಟ್ಟೆಯಲ್ಲೇ ಸ್ಪರ್ಧಿಸಿದಳು. ತೀರ್ಪುಗಾರರು ಮೂವರು: ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ನಿವೃತ್ತ ಡ್ರಿಲ್ ಮೇಷ್ಟ್ರು. ಮೊದಲನೆಯವರು ನಗು ನೋಡಿದರು, ಎರಡನೆಯವರು ಗಡಿಯಾರ ನೋಡಿದರು, ಮೂರನೆಯವರು ನಡಿಗೆ ನೋಡಿದರು. ಆ ನಡಿಗೆಯಲ್ಲೇ ಮರಿ ಗೆದ್ದದ್ದು. ಚಿಕ್ಕಂದಿನಿಂದ ತಲೆಯ ಮೇಲೆ ಮೊಟ್ಟೆಯ ತಟ್ಟೆಗಳನ್ನು ಹೊತ್ತು, ತಳ್ಳುಗಾಡಿ ಹಮಾಲಿ ಹಸು ನಾಯಿಗಳ ನಡುವೆ ಒಂದೂ ಒಡೆಯದಂತೆ ಹಾದುಬಂದ ಹುಡುಗಿ ಅವಳು. ಉಳಿದವರು ವೇದಿಕೆಯ ಮೇಲೆ ನಡೆದರು. ಇವಳು ತೇಲಿದಳು. ಡ್ರಿಲ್ ಮೇಷ್ಟ್ರು ಅಭ್ಯಾಸಬಲದಿಂದ ಎದ್ದು ನಿಂತು ಸೆಲ್ಯೂಟ್ ಹೊಡೆದೇಬಿಟ್ಟರು.

ಕುರ್ಚಿಗಳನ್ನು ಹೊತ್ತು ಓಡಾಡುತ್ತಿದ್ದ ಅಕ್ಕ ಅಲ್ಲೇ ನಿಂತರು. “ಅಯ್ಯೋ ಶಿವನೇ, ಇದು ನಮ್ ಮರಿ!”

ಕೊನೆಯದು ಪ್ರಶ್ನೆಯ ಸುತ್ತು. ನಿಮ್ಮ ಜೀವನದ ದೊಡ್ಡ ಆಸೆ ಏನು? ಒಬ್ಬಳು ವಿಶ್ವಶಾಂತಿ ಎಂದಳು. ಇನ್ನೊಬ್ಬಳು ಅನಾಥರ ಸೇವೆ ಎಂದಳು. ಹಸಿರು ಉಡುಪಿನವಳು ಎರಡನ್ನೂ ಕೇಳಿದಳು. ಮರಿ ಮೈಕು ಹಿಡಿದು, “ನನ್ನದು ಅಂತ ಒಂದು ವಸ್ತು ಬೇಕು. ನನ್ನ ಕೇಳದೆ ಯಾರೂ ಮುಟ್ಟಬಾರದು. ಅಷ್ಟೇ,” ಎಂದಳು.

ಹಿಂದಿನ ಸಾಲಿನ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವರು ಅಕ್ಕ. ಕಣ್ಣಲ್ಲಿ ನೀರು ಬೇರೆ. ಪಕ್ಕದಲ್ಲಿದ್ದ ನನಗೆ, “ಎಷ್ಟ್ ಚೆನ್ನಾಗಿ ಹೇಳಿದ್ಲು ನೋಡು! ಪಾಪ, ಎಷ್ಟೋ ಹೆಣ್ಮಕ್ಕಳ ಪಾಡು ಇದೇ,” ಎಂದರು.

ಮರಿಯ ಪಟ್ಟಾಭಿಷೇಕವಾಯಿತು. ಕಿರೀಟ ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಕೂತಿತು. ಅವಳ ಸಾರ್ವಭೌಮತ್ವ ಮನೆ ತಲುಪುವವರೆಗೆ ಮಾತ್ರ ಉಳಿಯಿತು. ಹೊಸ್ತಿಲು ದಾಟುತ್ತಿದ್ದಂತೆಯೇ ಅಕ್ಕ ಕಿರೀಟವನ್ನು ಕೈಗೆ ತೆಗೆದುಕೊಂಡು, ಮೊಟ್ಟೆಯನ್ನು ನೋಡಿದಂತೆ ಬೆಳಕಿಗೆ ಹಿಡಿದು ನೋಡಿ, “ಇದು ಉಪಯೋಗಕ್ಕೆ ಬರುತ್ತೆ,” ಎಂದರು.

ಯಾವ ಉಪಯೋಗ ಎಂದು ತಿಳಿಯಬೇಕಾದರೆ ನಮ್ಮ ಮಾರುಕಟ್ಟೆಯ ಒಂದು ನಾಚಿಕೆಗೇಡನ್ನು ಹೇಳಲೇಬೇಕು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಮಾರುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರಿಗೆ ಗೋಡೆಗಳಿದ್ದವು, ಸಂಕೋಚವಿರಲಿಲ್ಲ. ಹೆಂಗಸರಿಗೆ ಒಂದು ಶೌಚಾಲಯವಿರಲಿಲ್ಲ. ಆದ್ದರಿಂದ ಅವರು ನೀರೇ ಕುಡಿಯುತ್ತಿರಲಿಲ್ಲ. ಸುಡುಬಿಸಿಲಲ್ಲಿ ಸೌತೆಕಾಯಿ ಮಾರುವವಳು ತುಟಿ ಒಣಗಿಸಿಕೊಂಡು ಕೂತಿರುತ್ತಿದ್ದಳು. ಅಕ್ಕ ಪುರಸಭೆಯ ಅಧ್ಯಕ್ಷರನ್ನು ಕೇಳಿದಾಗಲೆಲ್ಲ ಅವರು ‘ನೋಡೋಣ’ ಎನ್ನುತ್ತಿದ್ದರು. ನೋಡಿ ನೋಡಿ ಅವರ ಕನ್ನಡಕದ ನಂಬರೇ ಬದಲಾಗಿತ್ತು.

ಈಗ ಅಕ್ಕನ ದಿಗ್ವಿಜಯ ಆರಂಭವಾಯಿತು. ಹೊಸ ಅಂಗಡಿ ತೆರೆಯುವವರಿಗೆಲ್ಲ ರಿಬ್ಬನ್ ಕತ್ತರಿಸಲು ಸುಂದರಿ ಬೇಕು. ಸುಂದರಿ ಬರುತ್ತಾಳೆ, ಬದಲಿಗೆ ಸಾಮಾನು ಕೊಡಿ. ಮರಿ ಟೈರ್ ಅಂಗಡಿಯ ರಿಬ್ಬನ್ ಕತ್ತರಿಸಿದಳು, ಸಿಮೆಂಟು ಬಂತು, ಏಕೆಂದರೆ ಟೈರಿನವನ ಭಾವ ಸಿಮೆಂಟಿನವನು. ಹಿಟ್ಟಿನ ಗಿರಣಿಯ ರಿಬ್ಬನ್ ಕತ್ತರಿಸಿದಳು, ಮೈಯೆಲ್ಲ ಹಿಟ್ಟಾಗಿ ಬಂದಳು, ಒಂದು ನೀರಿನ ತೊಟ್ಟಿ ಬಂತು. ಟೈಲ್ಸಿನವನು ತನ್ನಲ್ಲಿ ಮಾರಾಟವಾಗದೆ ಉಳಿದಿದ್ದ ಚೂರುಪಾರು ಟೈಲ್ಸನ್ನೆಲ್ಲ ಕೊಟ್ಟ. ಒಂದು ಗೋಡೆಗೆ ದ್ರಾಕ್ಷಿಗೊಂಚಲು, ಇನ್ನೊಂದಕ್ಕೆ ಮೀನು, ಮತ್ತೊಂದಕ್ಕೆ ಪಟ್ಟೆಪಟ್ಟೆ. ಮರಿಗೆ ಬಿಡುವಿಲ್ಲದಾಗ ಅಕ್ಕ ಕಿರೀಟವೊಂದನ್ನೇ ಕಳಿಸುತ್ತಿದ್ದರು. ಅದು ಶಾಲೆಯ ನಾಟಕದಲ್ಲಿ ರಾಕ್ಷಸನ ತಲೆಗೆ ಹೋಯಿತು, ಫೋಟೋ ಸ್ಟುಡಿಯೋದಲ್ಲಿ ಹಲ್ಲಿಲ್ಲದ ಕೂಸುಗಳ ತಲೆಗೆ ಹೋಯಿತು, ಕ್ಷೌರದಂಗಡಿಯ ಕನ್ನಡಿಯ ಮೇಲೆ ಒಂದು ವಾರ ಕೂತು ಎಣ್ಣೆಯ ವಾಸನೆ ಹಿಡಿದು ಬಂತು.

“ಅಮ್ಮಾ, ಒಂದು ಹರಳು ಬಿದ್ದುಹೋಗಿದೆ.”

“ಇನ್ನೂ ಎಷ್ಟೊಂದಿದೆಯಲ್ಲೇ!”

ಶೌಚಾಲಯಕ್ಕೆ ಇನ್ನು ಬೇಕಾದದ್ದು ಜಾಗ ಒಂದೇ. ಮಾರುಕಟ್ಟೆಯ ಮೂಲೆಯಲ್ಲಿ ಪುರಸಭೆಯ ಮುರುಕು ಕುರ್ಚಿಗಳಿಗೆಂದೇ ಮೀಸಲಾದ ಒಂದು ಕೋಣೆಯಿತ್ತು. ಅಕ್ಕ ಅಧ್ಯಕ್ಷರ ಕಚೇರಿಗೆ ಹೋಗಿ, “ಸ್ವಾಮಿ, ಇದನ್ನ ಒಂಚೂರು ಹಿಡ್ಕೊಳ್ಳಿ,” ಎಂದು ಎರಡೂ ಕೈಗೆ ಮೊಟ್ಟೆ ಕೊಟ್ಟರು. ಬಿಳಿಬಿಳಿ ಬಟ್ಟೆಯ ಅಧ್ಯಕ್ಷರು. ಮೇಜಿನ ಮೇಲೆ ಇಡೋಣವೆಂದರೆ ಇಳಿಜಾರು ಮೇಜು. ಫೋನು ಬಡಿದುಕೊಳ್ಳತೊಡಗಿತು.

“ತಗೊಳ್ಳಮ್ಮಾ ಇದನ್ನ, ಫೋನು!”

“ತಗೋತೀನಿ. ಆ ಕೋಣೆ?”

“ನೋಡೋ...”

“ಎಡಗೈದು ಬಿರುಕು ಬಿಟ್ಟಿದೆ ಸ್ವಾಮಿ, ಹುಷಾರು.”

“ಆಯ್ತು, ತಗೋ! ಕೋಣೆನೂ ತಗೋ, ಮೊಟ್ಟೆನೂ ತಗೋ!”

ಹೀಗೆ ಒಂದು ಹನಿ ರಕ್ತ ಚೆಲ್ಲದೆ, ಒಂದು ಹನಿ ಲೋಳೆಯೂ ಚೆಲ್ಲದೆ, ಆ ಪ್ರಾಂತ್ಯ ಅಕ್ಕನ ಕೈವಶವಾಯಿತು.

ಕೊಳಾಯಿಯವನು ಕೊಳಾಯಿ ಹಾಕಿದ, ಬಡಗಿ ಬಾಗಿಲು ನಿಲ್ಲಿಸಿದ. ಉದ್ಘಾಟನೆಯ ಬೆಳಿಗ್ಗೆ ಅಕ್ಕ ಎಲ್ಲವನ್ನೂ ಕೊನೆಯ ಸಲ ನೋಡಿ ಎದೆ ಬಡಿದುಕೊಂಡರು. ಗೋಡೆಯಿದೆ, ನೀರಿದೆ, ಬಾಗಿಲಿದೆ. ಒಳಗಿನಿಂದ ಹಾಕಿಕೊಳ್ಳಲು ಚಿಲಕವಿಲ್ಲ! ಕಟ್ಟಿದವರೆಲ್ಲ ಗಂಡಸರು. ಟೈಲ್ಸು ಕಳುವಾಗದಿರಲೆಂದು ಹೊರಗೊಂದು ಆನೆಗಾತ್ರದ ಚಿಲಕ ಜಡಿದಿದ್ದರು. ಒಳಗಡೆ ಇರುವವಳ ಮಾನದ ಯೋಚನೆ ಯಾರ ತಲೆಗೂ ಬಂದಿರಲಿಲ್ಲ. ಬೀಗದ ಅಂಗಡಿ ಅಂದು ರಜೆ. ಅಕ್ಕ ಒಂದು ನಿಮಿಷ ಯೋಚಿಸಿದರು. ಎಲ್ಲರೂ ಏನಾದರೂ ಕೊಟ್ಟಿದ್ದಾರೆ, ನಮ್ಮ ಮನೆಯಿಂದ ಏನು ಹೋಯಿತು? ಮರಿ ಇಸ್ತ್ರಿಗೆಂದು ಹೋಗಿದ್ದಳು. ಬಡಗಿ ಸ್ಕ್ರೂಡ್ರೈವರ್ ತಂದ.

ಮಧ್ಯಾಹ್ನ ಬ್ಯಾಂಡು ಬಂತು, ಅಧ್ಯಕ್ಷರು ಬಂದರು, ಮಾರುಕಟ್ಟೆಯೇ ನೆರೆಯಿತು. ಅಕ್ಕ ಬೆಳಗಿನಿಂದಲೇ ಅಂಗಡಿ ಅಂಗಡಿಗೆ ಹೋಗಿ, “ಇವತ್ತು ಯಾರೂ ಹೆದರಬೇಡಿ, ಹೊಟ್ಟೆ ತುಂಬಾ ನೀರು ಕುಡೀರೇ,” ಎಂದು ಸಾರಿದ್ದರು. ಹೆಂಗಸರು ಕುಡಿದಿದ್ದರು. ಚೊಂಬು ಚೊಂಬು ಕುಡಿದಿದ್ದರು. ಅಧ್ಯಕ್ಷರ ಭಾಷಣ ಉದ್ದವಾದಷ್ಟೂ ಸಾಲಿನಲ್ಲಿದ್ದವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದ್ದನ್ನು ಬ್ಯಾಂಡಿನವರು ಕುಣಿತವೆಂದು ತಿಳಿದು ಇನ್ನೂ ಜೋರಾಗಿ ಬಾರಿಸಿದರು.

“ರಿಬ್ಬನ್ ಕತ್ತರಿಸೋದೆಲ್ಲ ಬೇಡ,” ಎಂದು ಅಕ್ಕ ಘೋಷಿಸಿದರು. “ಇದು ಬಳಸೋ ವಸ್ತು, ಬಳಸಿಯೇ ಉದ್ಘಾಟನೆ. ನಮ್ ಮರಿ ಮೊದಲು ಒಳಗೆ ಹೋಗಿ ಬರ್ತಾಳೆ.”

ಊರೆಲ್ಲ ನೋಡುತ್ತಿರುವಾಗ ಕಿರೀಟ ತೊಟ್ಟು, ಬ್ಯಾಂಡಿನ ಸದ್ದಿನಲ್ಲಿ ಶೌಚಾಲಯಕ್ಕೆ ಹೋಗುವ ಮರ್ಯಾದೆ ಇತಿಹಾಸದ ಬೇರೆ ಯಾವ ಮಹಾರಾಣಿಗೂ ದೊರೆತಿಲ್ಲ. ಕೆಂಪಗಾದ ಮುಖದಲ್ಲಿ ಮರಿ ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿತು. ಚಪ್ಪಾಳೆ ಬಿತ್ತು.

ಮರಿ ಹೊರಗೆ ಬರಲಿಲ್ಲ.

ಬ್ಯಾಂಡಿನ ಒಂದು ಹಾಡು ಮುಗಿಯಿತು. ಇನ್ನೊಂದೂ ಮುಗಿಯಿತು. ಅಕ್ಕ ಬಾಗಿಲು ತಳ್ಳಿ ನೋಡಿದರು.

“ಮರೀ, ಏನಾಯ್ತೇ? ಚಿಲಕ ಸಿಕ್ಕಾಕೊಂಡಿತಾ?”

ಒಳಗಿಂದ ಉತ್ತರ ಬಂತು, ಮೆಲ್ಲಗೆ: “ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತೆ. ನನ್ನ ಚಿಲಕ ಅಲ್ವಾ?”

ಬ್ಯಾಂಡು ನಿಂತಿತು.

“ಗುಬುಟಿಗೆ ಕೆಂಪು ಬಣ್ಣ ಇದೆ, ಅಮ್ಮಾ. ನಾನೇ ಬಳಿದಿದ್ದು. ನಾನಿನ್ನು ಈಚೆ ಬರಲ್ಲ. ಈ ಊರಲ್ಲಿ ಒಳಗಿನಿಂದ ಚಿಲಕ ಇರೋ ನನ್ನ ಕೋಣೆ ಇದೊಂದೇ.”

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಬಡಗಿ ನನ್ನ ಬೆನ್ನ ಹಿಂದೆ ಅಡಗಿದ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಈರುಳ್ಳಿ ಅಜ್ಜಿ, ಮಾರುಕಟ್ಟೆಯ ಹಿರಿಯಳು, ಯಾರಿಗೂ ಹೆದರದವಳು. ಅವಳು ಬಾಗಿಲಿಗೆ ಬಾಯಿಟ್ಟು ಹೇಳಿದಳು: “ಮಗಾ, ನಿನ್ನ ದುಃಖ ದೊಡ್ಡದೇ. ಒಪ್ಕೊಂಡೆ. ಆದ್ರೆ ನನ್ನ ವಯಸ್ಸೂ ದೊಡ್ಡದು ನೋಡು. ಏನು ಬೇಕೋ ಬೇಗ ಕೇಳಿಬಿಡು, ನಾನು ಕೊಡಿಸ್ತೀನಿ.”

“ಅಮ್ಮನ ಎರಡೂ ಕೈಗೆ ಮೊಟ್ಟೆ ಕೊಡಿ ಅಜ್ಜಿ.”

ಅಕ್ಕನ ಅಂಗಡಿಯಿಂದಲೇ ಎರಡು ಮೊಟ್ಟೆ ಬಂದವು. ಅಜ್ಜಿ ಅವನ್ನು ಅಕ್ಕನ ಕೈಯಲ್ಲಿಟ್ಟಳು. ಆಗ ನಾವು ಕಂಡ ನೋಟ ಅಪೂರ್ವ. ಅಕ್ಕ ಮಾತಾಡುತ್ತಿದ್ದದ್ದೇ ಕೈಯಲ್ಲಿ. ಕೈ ಕಟ್ಟಿದ್ದೇ ತಡ, ಬಾಯಿಯೂ ಕಟ್ಟಿತು.

“ಹಿಡ್ಕೊಂಡಿದ್ದಾಳೆ, ಹೇಳು ಮಗಾ.”

ಬಾಗಿಲ ಹಿಂದಿನಿಂದ ಮರಿ ಹೇಳತೊಡಗಿದಳು. ಛತ್ರಿ ಹೇಳಿದಳು, ಸೈಕಲ್ ಹೇಳಿದಳು, ಹಸಿರು ಉಡುಪು ಹೇಳಿದಳು. ದರ್ಜಿಯ ಮಗಳು ತಲೆ ತಗ್ಗಿಸಿದಳು. ಅಂದೂ ಅದನ್ನೇ ತೊಟ್ಟಿದ್ದಳು, ಪಾಪ. “ಕೊಡೋದು ತಪ್ಪಲ್ಲ ಅಮ್ಮಾ. ನನ್ನ ಒಂದು ಮಾತು ಕೇಳಿದ್ದಿದ್ರೆ ನಾನೇ ಕೊಡ್ತಿದ್ದೆ. ಕೊಟ್ಟೆ ಅನ್ನೋ ಹೆಮ್ಮೆ ಆದ್ರೂ ನನಗಿರ್ತಿತ್ತು. ನೀನು ಅದನ್ನೂ ತಗೊಂಡೆ.”

ಅಕ್ಕನ ಮುಖ ಸುಣ್ಣವಾಗಿತ್ತು. “ಇಷ್ಟೆಲ್ಲಾ ಇಟ್ಕೊಂಡು ಯಾಕೆ ಸುಮ್ನಿದ್ದೆ? ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ. ವೇದಿಕೆ ಮೇಲೆ, ಮೈಕಿನಲ್ಲಿ. ನೀನು ಚಪ್ಪಾಳೆ ಹೊಡೆದೆ.”

ಆ ದೊಡ್ಡ ದನಿ ಎಲ್ಲಿ ಹೋಯಿತೋ, “ಅದು ನನಗೆ ಹೇಳಿದ್ದಾ?” ಎಂದರು ಅಕ್ಕ.

ಕೈಯಲ್ಲಿ ಮೊಟ್ಟೆ ಇದ್ದದ್ದರಿಂದ ಕಣ್ಣೊರೆಸಿಕೊಳ್ಳುವಂತಿರಲಿಲ್ಲ. ನಾವೆಲ್ಲ ಬೇರೆ ಕಡೆ ನೋಡಿದೆವು.

“ಈ ಚಿಲಕ ಇಲ್ಲೇ ಇರ್ಲಿ,” ಎಂದಳು ಮರಿ. “ಇಲ್ಲೂ ಬೇಕು. ನನಗೆ ಹೊಸದು ಹಾಕಿಸು. ಕಿರೀಟ ನನ್ನ ಕೋಣೆಲಿರುತ್ತೆ, ಯಾರಿಗೂ ಕೊಡೋ ಹಾಗಿಲ್ಲ. ಮತ್ತೆ, ಒಳಗೆ ಬರಬೇಕಾದ್ರೆ ನೀನು ಬಾಗಿಲು ತಟ್ಟಬೇಕು.”

“ನಾನು? ನನ್ನ ಮನೇಲಿ? ಬಾಗಿಲು ತಟ್ಟೋದಾ?”

“ಒಪ್ಕೊಳ್ಳೇ ಮಾರಾಯ್ತಿ!” ಎಂದು ಸಾಲಿನ ಉದ್ದಕ್ಕೂ ಹೆಂಗಸರು ಕೂಗಿದರು. ಅದರಲ್ಲಿ ನ್ಯಾಯದ ಪರ ಕಾಳಜಿ ಎಷ್ಟಿತ್ತು, ನೀರಿನ ಒತ್ತಡ ಎಷ್ಟಿತ್ತು ಎಂದು ಬೇರ್ಪಡಿಸುವುದು ಕಷ್ಟ.

“ಆಯ್ತು ಕಣೇ,” ಎಂದರು ಅಕ್ಕ. “ತಟ್ತೀನಿ.”

ಚಿಲಕ ತೆರೆಯಿತು. ಮರಿ ಹೊರಗೆ ಬಂದು ಅಮ್ಮನ ಮುಂದೆ ನಿಂತಳು. ಇಬ್ಬರೂ ಏನಾದರೂ ಹೇಳುವ ಮೊದಲೇ ಈರುಳ್ಳಿ ಅಜ್ಜಿ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿ ಧಡಾರೆಂದು ಬಾಗಿಲು ಹಾಕಿಕೊಂಡಳು. ಆದ್ದರಿಂದ, ಕಲ್ಲಿನ ಫಲಕದಲ್ಲಿ ಯಾರ ಹೆಸರೇ ಇರಲಿ, ನಮ್ಮ ಮಾರುಕಟ್ಟೆಯ ಶೌಚಾಲಯವನ್ನು ನಿಜವಾಗಿ ಉದ್ಘಾಟಿಸಿದವಳು ಅವಳೇ. ಇವತ್ತಿಗೂ ನಮ್ಮಲ್ಲಿ ಅದಕ್ಕೆ ‘ಅರಮನೆ’ ಎನ್ನುತ್ತಾರೆ. “ಅಂಗಡಿ ನೋಡ್ಕೋ, ಅರಮನೆಗೆ ಹೋಗಿ ಬರ್ತೀನಿ,” ಎಂದರೆ ಯಾರೂ ನಗುವುದಿಲ್ಲ.

ಅಕ್ಕ ಕೊಟ್ಟ ಮಾತು ಉಳಿಸಿಕೊಂಡರು. ಮರುದಿನವೇ ಹೊಸ ಚಿಲಕ ಬಂತು. ಆದರೆ ಬಾಗಿಲು ತಟ್ಟುವ ವಿದ್ಯೆ ಅವರಿಗೆ ಬೇಗ ಹತ್ತಲಿಲ್ಲ. ಮೊದಮೊದಲು ಪೊಲೀಸರು ದಾಳಿ ಮಾಡಿದಂತೆ ಬಡಿಯುತ್ತಿದ್ದರಂತೆ. ಆಮೇಲೆ ತಟ್ಟುವುದು ಮತ್ತು ತಳ್ಳುವುದು ಒಟ್ಟಿಗೇ. ವರ್ಷ ಕಳೆಯುವಷ್ಟರಲ್ಲಿ ಎರಡು ಬೆರಳಿನಲ್ಲಿ ಮೆಲ್ಲಗೆ ತಟ್ಟಿ, ‘ಬಾ’ ಎನ್ನುವವರೆಗೆ ನಿಲ್ಲುವುದನ್ನು ಕಲಿತರು. ಕಲಿತ ಮೇಲೆ ಅದೂ ಒಂದು ಚಟವಾಯಿತು. ನನ್ನ ಗೂಡಿಗೆ ಬಾಗಿಲೇ ಇಲ್ಲ. ಅದರ ಗಾಜನ್ನೂ ತಟ್ಟಿಯೇ ಮಾತಾಡಿಸುತ್ತಿದ್ದರು. ಊರಿನ ಕೆಲಸವೇನೂ ನಿಲ್ಲಲಿಲ್ಲ. ಮನೆಯ ಸಾಮಾನು ಕೊಡುವಾಗ ಮಾತ್ರ, “ಇರಿ, ಮಗಳನ್ನ ಕೇಳ್ತೀನಿ,” ಎಂದು ಒಳಗೆ ಹೋಗುವರು. ವಿಚಿತ್ರವೆಂದರೆ ಕೇಳಿದಾಗ ಮರಿ ಒಮ್ಮೆಯೂ ಇಲ್ಲ ಎಂದವಳಲ್ಲ. ಹೊಸ ಛತ್ರಿಯನ್ನು ತಾನೇ ಒಯ್ದು ಅಂಚೆಯವನ ಕೈಗೆ ಕೊಟ್ಟು ಬಂದಳು. ಕಿರೀಟ ಮಾತ್ರ ಅವಳ ಕೋಣೆಯಿಂದ ಆಚೆ ಬರಲಿಲ್ಲ.

ವರ್ಷಗಳು ಉರುಳಿದವು. ಅಂಗಡಿ ಮರಿಯ ಕೈಗೆ ಬಂತು, ಅವಳ ಕೂದಲೂ ನನ್ನದರ ಹಾಗೆ ಅಲ್ಲಲ್ಲಿ ಬೆಳ್ಳಗಾಯಿತು. ದರ್ಜಿಯ ಮಗಳು ಅವಳ ಜೀವದ ಗೆಳತಿಯಾದಳು. ಹಸಿರು ಉಡುಪು ಇಬ್ಬರಿಗೂ ಬಿಗಿಯಾದ ಮೇಲೆ ಜಗಳಕ್ಕೆ ಕಾರಣವೂ ಉಳಿಯಲಿಲ್ಲ. ಅಕ್ಕ ಈಗಿಲ್ಲ. ಆದರೆ ಮೊಟ್ಟೆಯಂಗಡಿಗೆ ಹೋದವರು ತಟ್ಟೆಗಳ ಗೋಡೆಯ ಮೇಲೆ ಅವರ ಒಂದು ಫೋಟೋ ನೋಡಬಹುದು. ಹೊಸಬರು ಅದನ್ನು ನೋಡಿ ಇದ್ಯಾರು, ಯಾಕೆ ಹೀಗೆ ಎಂದು ಕೇಳುತ್ತಾರೆ.

ಅದು ಮಂಡಿನೋವಿನಿಂದ ಅಕ್ಕ ಅಂಗಡಿ ಬಿಟ್ಟ ದಿನ ತೆಗೆದದ್ದು. ಮಾರುಕಟ್ಟೆಯವರೆಲ್ಲ ಸೇರಿದ್ದೆವು. ಅಕ್ಕನಿಗೆ ಕೊಡಲು ಜನ ಏನೇನೋ ತಂದಿದ್ದರು: ಶಾಲು, ಊರುಗೋಲು, ಗೋಡೆ ಗಡಿಯಾರ. ಗಡಿಯಾರ ನನ್ನದೇ. ಇತ್ತ ಕೊಡುತ್ತಿದ್ದಂತೆ ಅತ್ತ ಅಕ್ಕ ಹಂಚುತ್ತಿದ್ದರು. ಶಾಲು ಹಮಾಲಿಗೆ ಹೋಯಿತು. ಊರುಗೋಲು ಈರುಳ್ಳಿ ಅಜ್ಜಿಯ ಮಗಳಿಗೆ. ನನ್ನ ಗಡಿಯಾರ ನನ್ನ ಕಣ್ಣೆದುರಿಗೇ ಕ್ಷೌರದಂಗಡಿಗೆ ದಾನವಾಯಿತು.

ಆಗ ಮರಿ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಹಿಡಿದು ಬಂದಳು. ಅದನ್ನು ಪಕ್ಕಕ್ಕಿಟ್ಟು, ತಟ್ಟೆಯಿಂದ ಎರಡು ಮೊಟ್ಟೆ ತೆಗೆದು, ಬಲ್ಬಿನ ಪೆಟ್ಟಿಗೆಯ ಮೇಲೆ ಹಿಡಿದು ನೋಡಿ, “ಅಮ್ಮಾ, ಇದನ್ನ ಒಂಚೂರು ಹಿಡ್ಕೋ,” ಎಂದಳು.

ಜೀವಮಾನವೆಲ್ಲ ಊರಿಗೆ ಊರನ್ನೇ ಈ ಬಲೆಗೆ ಕೆಡವಿದವರು ಅಂದು ತಾವೇ ಬಿದ್ದರು. ಎರಡೂ ಕೈ ಚಾಚಿ ಹಿಡಿದುಕೊಂಡರು. ಮರಿ ಬಟ್ಟೆ ಬಿಚ್ಚಿ, ಕಿರೀಟ ತೆಗೆದು, ಆ ಬಿಳಿತಲೆಯ ಮೇಲೆ ಇಟ್ಟಳು. ಅದು ಅವರಿಗೂ ದೊಡ್ಡದೇ; ಒಂದು ಕಿವಿಯ ಮೇಲೆ ವಾಲಿತು.

“ಏ, ಏನೇ ಇದು? ಇದು ನಿನ್ನದಲ್ವೇನೇ!”

“ನನ್ನದೇ. ಅದಕ್ಕೇ ಕೊಡ್ತಿದ್ದೀನಿ.”

ಸ್ಟುಡಿಯೋದವನು ಕ್ಯಾಮೆರಾ ಎತ್ತಿದ. ಅಕ್ಕನ ಕಣ್ಣು ಅಷ್ಟರಲ್ಲೇ ಗುಂಪಿನ ಮೇಲೆಲ್ಲ ಓಡಾಡಿ ದರ್ಜಿಯ ಮೊಮ್ಮಗಳ ಮೇಲೆ ನಿಂತಿತ್ತು.

“ಆ ಮಗೂಗೆ ಚೆನ್ನಾಗಿ ಒಪ್ಪುತ್ತೆ ಕಣೇ... ಮೊಟ್ಟೆ ತಗೊಳ್ಳೇ!”

“ತಗೋತೀನಿ,” ಎಂದಳು ಮರಿ, ಕೈ ಕಟ್ಟಿ ನಿಂತು. “ಇನ್ನೂ ಸ್ವಲ್ಪ ಹೊತ್ತು ಇರ್ಲಿ.”